ಕೆಟ್ಟ ಕೈಯ ಪರೀಕ್ಷೆ

ಅವಳನ್ನು ಎಲ್ಲರೂ ಗೆರೆಯಕ್ಕ ಎಂದೇ ಕರೆಯುತ್ತಿದ್ದರು. ಸಂಬಳದ ಪಟ್ಟಿಯಲ್ಲಿ ಬೇರೊಂದು ಹೆಸರಿತ್ತು ನಿಜ, ಆದರೆ ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ತನ್ನ ಹಿಂದೆ ಇನ್ನಾರೋ ನಿಂತಿದ್ದಾರೆಂದು ಅವಳೇ ತಿರುಗಿ ನೋಡುತ್ತಿದ್ದಳು. ಓರೆಯಾದದ್ದನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ನೆಂಟರ ಮನೆಗೆ ಹೋದರೆ ಕಾಫಿ ಬರುವಷ್ಟರಲ್ಲಿ ಅವರ ಹಗ್ಗದ ಮೇಲಿನ ಟವೆಲ್ಲುಗಳೆಲ್ಲ ಅಂಚಿಗೆ ಅಂಚು ಕೂಡಿ ನೇರವಾಗಿರುತ್ತಿದ್ದವು. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿದ್ದಾಗ ಎದುರು ಗೋಡೆಯ ಕ್ಯಾಲೆಂಡರು ವಾಲಿದ್ದು ಕಂಡು, ಡಾಕ್ಟರು ಅದನ್ನು ಸರಿಮಾಡಿ ಬರುವ ತನಕ ಬಾಯಿಯನ್ನೇ ತೆರೆದಿರಲಿಲ್ಲವಂತೆ. ಇದು ಅವಳ ಯಜಮಾನರು ಹೇಳುವ ಕಥೆ. ಅವರು ಎಲ್ಲದಕ್ಕೂ ಸ್ವಲ್ಪ ಒಗ್ಗರಣೆ ಹಾಕುವವರು, ಆದರೆ ಈ ಕಥೆಯನ್ನು ಅವಳು ಇವತ್ತಿನವರೆಗೂ ಅಲ್ಲಗಳೆದಿಲ್ಲ.

ಇಂಥ ಹೆಂಗಸಿಗೆ ದೇವರು ಸರಿಯಾದ ಕೆಲಸವನ್ನೇ ಕೊಟ್ಟಿದ್ದ. ಊರಿನ ದೊಡ್ಡ ಸಾರ್ವಜನಿಕ ಗ್ರಂಥಾಲಯದ ಮುಂದೆ ಅಳತೆ ಹಿಡಿದು ಮಾಡಿದ ತೋಟವೊಂದಿದೆ. ನಡುವೆ ಕಾರಂಜಿ, ಸುತ್ತ ನಾಲ್ಕು ಚೌಕ, ಚೌಕಗಳ ನಡುವೆ ಜಲ್ಲಿ ಹಾಸಿದ ನೇರ ದಾರಿಗಳು. ಪ್ರತಿ ಚೌಕದ ಸುತ್ತ ಮೊಣಕಾಲೆತ್ತರದ ಹಸಿರು ಬೇಲಿ, ರಸ್ತೆಯ ಕಡೆಗೆ ಎದೆಯೆತ್ತರದ ಇನ್ನೊಂದು. ಅಲ್ಲಿ ಗೆರೆಯಕ್ಕ ಮೂವತ್ತೊಂದು ವರ್ಷದಿಂದ ಮಾಲಿ, ಕೊನೆಯ ಹನ್ನೆರಡು ವರ್ಷ ಹೆಡ್ ಮಾಲಿ. ಇಂಥ ತೋಟದಲ್ಲಿ ಹೂವಿಗಿಂತ ಬೇಲಿ ದೊಡ್ಡದು. ಹೂವು ಒಂದು ವಾರ ಬಾಡಿದರೆ ಯಾರೂ ಕೇಳುವುದಿಲ್ಲ. ಬೇಲಿಯಲ್ಲಿ ಒಂದು ಗಿಡ ಒಣಗಿತೋ, ಇಡೀ ತೋಟ ಮುಂದಿನ ಹಲ್ಲು ಬಿದ್ದವರ ನಗುವಿನಂತೆ ಕಾಣುತ್ತದೆ.

ಆ ಬೇಲಿ ಈಗ ಇರಲಿಲ್ಲ. ಎರಡು ವರ್ಷದ ಹಿಂದೆ ನೀರಿನ ಪೈಪು ಬದಲಾಯಿಸಲೆಂದು ಬಂದವರು ನಾಲ್ಕು ಚೌಕದ ಸುತ್ತಲೂ ಅಗೆದು, ನಲವತ್ತು ವರ್ಷದ ಬೇಲಿಯನ್ನು ಬೇರುಸಹಿತ ಲಾರಿಗೆ ತುಂಬಿಸಿಕೊಂಡು ಹೋಗಿದ್ದರು. ಪೈಪಿನ ಕೆಲಸ ಎರಡು ವರ್ಷ ಎಳೆದಾಡಿ ಮುಗಿದ ಮೇಲೆ ಗ್ರಂಥಾಲಯದ ಸಮಿತಿ ಸೇರಿ ಒಂದು ಮಾತು ಹೇಳಿತು. ಹೊಸ ಬೇಲಿಯನ್ನು ಒಂದು ಸಲ ಹಾಕಿ ನೋಡುವುದು. ಅದು ಕೆಟ್ಟರೆ ಕಬ್ಬಿಣದ ಸರಳು ನಿಲ್ಲಿಸಿ ಹಸಿರು ಬಣ್ಣ ಬಳಿಸುವುದು. ಸಮಿತಿಯಲ್ಲಿದ್ದ ಎಂಜಿನಿಯರರಂತೂ ಬಣ್ಣದ ಡಬ್ಬಿಯನ್ನು ಆಗಲೇ ಆರಿಸಿಟ್ಟಂತೆ ಮಾತಾಡಿದರು. ಕಬ್ಬಿಣಕ್ಕೆ ನೀರು ಬೇಡ, ಗೊಬ್ಬರ ಬೇಡ, ಮಾಲಿ ಬೇಡ ಎಂದು ಬೆರಳು ಮಡಚಿದರು. ಗೆರೆಯಕ್ಕನಿಗೆ ಆ ಮಾತು ಎದೆಗೆ ಚುಚ್ಚಿತು. ಅವಳಿಗೆ ನಿವೃತ್ತಿಗೆ ಇನ್ನು ಉಳಿದದ್ದು ಒಂದು ವರ್ಷಕ್ಕೂ ಕಡಿಮೆ. ಅವಳು ಹೋದ ಮೇಲೆ ಬೇಲಿ ಒಣಗಿದರೆ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ, ಮೂವತ್ತೊಂದು ವರ್ಷದ ತೋಟದ ಜಾಗದಲ್ಲಿ ಹಸಿರು ಬಣ್ಣದ ಜೈಲು ನಿಲ್ಲುತ್ತದೆ.

ಇನ್ನೊಂದು ಕಡೆ ಗ್ರಂಥಾಲಯದ ನಿರ್ದೇಶಕರು. ಒಳ್ಳೆಯ ಮನುಷ್ಯ, ಉತ್ಸಾಹದ ಬುಗ್ಗೆ. ಎಲ್ಲೋ ಚಳಿದೇಶಕ್ಕೆ ಹೋಗಿ ಬಂದಾಗ ಅರಮನೆಯ ತೋಟವೊಂದರ ಫೋಟೋ ತೆಗೆದಿದ್ದರು. ಅದರಲ್ಲಿ ಬಾಕ್ಸ್‌ವುಡ್ ಎಂಬ ಸಣ್ಣೆಲೆಯ ಗಿಡದ ಬೇಲಿ, ಸೋಪಿನ ಬಿಲ್ಲೆ ಕತ್ತರಿಸಿಟ್ಟ ಹಾಗೆ ಕಾಣುತ್ತಿತ್ತು. ಫೋಟೋವನ್ನು ಅವರು ಕೋಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದರು.

"ನೋಡಿಯಮ್ಮಾ, ನಮಗೂ ಇದೇ ಬೇಕು," ಎನ್ನುತ್ತಿದ್ದರು.

"ಸರ್, ಅದು ಚಳೀಲಿ ಬೆಳೆದ ಗಿಡ. ನಮ್ಮ ಬಿಸಿಲಿಗೆ ಅದರ ಎಲೆ ಹುರಿದು ಹೋಗುತ್ತೆ."

"ನಾನೂ ಚಳಿದೇಶಕ್ಕೆ ಹೋಗಿದ್ದೆ, ನಂಗೇನಾಯ್ತು? ಹೊಂದ್ಕೊಳ್ಳುತ್ತೆ ಬಿಡಿ."

ಮೇಲಧಿಕಾರಿಗಳ ಜೊತೆ ಗಿಡದ ವಿಷಯಕ್ಕೆ ವಾದಕ್ಕಿಳಿಯಬಾರದು, ಗಿಡವನ್ನೇ ಮಾತಾಡಲು ಬಿಡಬೇಕು ಎಂಬುದು ಗೆರೆಯಕ್ಕನಿಗೆ ಅನುಭವದಿಂದ ಗೊತ್ತಿತ್ತು. ಪೈಪಿನವರು ಅಗೆಯಲು ಶುರುಮಾಡಿದ ವಾರವೇ ಅವಳು ಕಟ್ಟಡದ ಹಿಂದೆ, ಪುಸ್ತಕಗಳಿಗೆ ರಟ್ಟು ಹಾಕುವ ಕೋಣೆಯ ಗೋಡೆಯಾಚೆ, ಒಂದು ಪರೀಕ್ಷೆಯ ಸಾಲು ನೆಟ್ಟಿದ್ದಳು. ಒಂದೊಂದು ಜಾತಿಗೆ ಎರಡೆರಡು ಮೀಟರು. ನೆಡುವ ಮೊದಲೇ ಎಷ್ಟೋ ಗಿಡಗಳನ್ನು ಅವಳು ಮನಸ್ಸಿನಲ್ಲೇ ಆಚೆ ಹಾಕಿದ್ದಳು. ಕಣಗಿಲೆ ಎಲ್ಲ ಕಾಲಕ್ಕೂ ಹಸಿರು, ಆದರೆ ವಿಷ. ಮಕ್ಕಳು ಬರುವ ಜಾಗ. ಅತ್ತಿಯ ಜಾತಿಯ ಗಿಡಗಳು ಎಷ್ಟು ಕತ್ತರಿಸಿದರೂ ಸಹಿಸುತ್ತವೆ, ಆದರೆ ಬೇರು ಹೋಗಿ ಹೊಸ ಪೈಪನ್ನೇ ಅಪ್ಪಿಕೊಳ್ಳುತ್ತದೆ. ಡ್ಯುರಾಂಟಾದ ಹೊಂಬಣ್ಣದ ಎಲೆ ಚೆಂದ, ಆದರೆ ಬಲಿತಂತೆ ಮುಳ್ಳು. ಹೀಗೆ ಸೋಸಿ ಸೋಸಿ ಕೊನೆಗೆ ನಾಲ್ಕು ಉಳಿದವು. ನಿರ್ದೇಶಕರ ಸಮಾಧಾನಕ್ಕೆ ಬಾಕ್ಸ್‌ವುಡ್. ಎಂಜಿನಿಯರರ ಹೆಂಡತಿಗೆ ಇಷ್ಟವೆಂದು ಥೂಜಾ, ಬೀಸಣಿಗೆಯಂಥ ಎಲೆಯದ್ದು. ಗೆರೆಯಕ್ಕನ ಸ್ವಂತ ಪ್ರೀತಿಗೆ ಕಾಮಿನಿ. ಮಿರಿಮಿರಿ ಮಿಂಚುವ ಸಣ್ಣ ಎಲೆ, ಮಳೆ ಬಿದ್ದ ಮೇಲೆ ಬಿಳಿ ಹೂ ಬಿಟ್ಟು ಇಡೀ ಬೀದಿಗೆ ಪರಿಮಳ. ಇನ್ನೆರಡು ಮೀಟರು ಜಾಗ ಉಳಿಯಿತೆಂದು ರಸ್ತೆ ಪಕ್ಕದಿಂದ ಮುರಿದು ತಂದು ಚುಚ್ಚಿದ ಬೇಲಿಗಿಡ. ಅದಕ್ಕೆ ಜನ ಬೇರೆ ಹೆಸರನ್ನೂ ಇಟ್ಟಿರಲಿಲ್ಲ. ಕಹಿ ಎಲೆ, ಮೇಕೆ ಕೂಡ ಮೂಸಿ ನೋಡಿ ಮುಂದೆ ಹೋಗುವಂಥದ್ದು. ಅದನ್ನು ಸಾಲಿಗೆ ಸೇರಿಸಿದ್ದು ಖಾಲಿ ಕುರ್ಚಿ ತುಂಬಿಸಲು ದಾರಿಹೋಕರನ್ನು ಕರೆದು ಕೂರಿಸಿದ ಹಾಗೆ ಅಷ್ಟೇ.

ಎರಡು ವರ್ಷಕ್ಕೆ ಸಾಲು ಬೆಳೆದು ನಿಂತಿತು. ಈಗ ಕೆಟ್ಟ ಕೈಯ ಪರೀಕ್ಷೆ ಆಗಬೇಕಿತ್ತು.

ಇದು ಗೆರೆಯಕ್ಕನಿಗೆ ಕೆಲಸ ಕಲಿಸಿದ ಹಳೇ ಮೇಸ್ತ್ರಿಯ ಪದ್ಧತಿ. ಬೇಲಿಯ ಗಿಡವನ್ನು ಆರಿಸುವಾಗ ಅದನ್ನು ಪಳಗಿದ ಕೈಯಿಂದ ಕತ್ತರಿಸಿ ನೋಡಬಾರದು. ಮನೆಯಲ್ಲಿ, ಬೀದಿಯಲ್ಲಿ, ಎಲ್ಲಾದರೂ ಸರಿ, ಕತ್ತರಿ ಹಿಡಿಯಲು ಅತ್ಯಂತ ಬಾರದವರು ಯಾರಿದ್ದಾರೋ ಅವರನ್ನು ಕರೆತಂದು ಕೈಗೆ ಕತ್ತರಿ ಕೊಡಬೇಕು. ಆಮೇಲೆ ನಲವತ್ತು ದಿನ ಗಿಡದ ತಂಟೆಗೆ ಹೋಗಬಾರದು. ಆ ಅನಾಹುತವನ್ನು ಹೊಟ್ಟೆಗೆ ಹಾಕಿಕೊಂಡು ಯಾವುದು ಮತ್ತೆ ತುಂಬಿಕೊಳ್ಳುತ್ತದೋ ಅದೇ ಬೇಲಿಗೆ ಯೋಗ್ಯ. ಏಕೆಂದರೆ ಬೇಲಿ ಮಾಲಿಗಿಂತ ಹೆಚ್ಚು ಕಾಲ ಬಾಳುತ್ತದೆ, ಅಷ್ಟರಲ್ಲಿ ಎಂಥೆಂಥವರ ಕೈಗೋ ಸಿಗುತ್ತದೆ. ಹಳೇ ಮೇಸ್ತ್ರಿ ತನ್ನ ಕಾಲದಲ್ಲಿ ಈ ಕೆಲಸಕ್ಕೆ ಪೋಸ್ಟ್‌ಮ್ಯಾನನ್ನು ಕರೆಯುತ್ತಿದ್ದ.

ಗೆರೆಯಕ್ಕ ದೂರ ಹುಡುಕಬೇಕಾಗಿರಲಿಲ್ಲ. ಅವಳ ಯಜಮಾನರು ಮೂವತ್ತು ವರ್ಷ ಊರಿನ ಬಸ್ಸು ಓಡಿಸಿ ಒಂದು ಸೈಕಲ್ಲಿಗೂ ತಾಗಿಸದೆ ನಿವೃತ್ತರಾದ ಡ್ರೈವರು. ಆದರೆ ಕತ್ತರಿ ಕೈಗೆ ಬಂತೋ, ಮುಗಿಯಿತು. ಒಮ್ಮೆ ಅಡುಗೆಮನೆಯ ಪರದೆಯ ಅಂಚು ಸರಿಮಾಡುತ್ತೇನೆಂದು ಕುಳಿತು, ಈ ಕಡೆ ಸ್ವಲ್ಪ ಆ ಕಡೆ ಸ್ವಲ್ಪ ಎಂದು ಕತ್ತರಿಸುತ್ತಾ ಹೋಗಿ, ಸಂಜೆಯ ಹೊತ್ತಿಗೆ ಪರದೆಯನ್ನು ಕರವಸ್ತ್ರ ಮಾಡಿಟ್ಟಿದ್ದರು. ಹೆಂಡತಿ ಕರೆದದ್ದೇ ತಡ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು.

"ಹೇಗೆ ಕತ್ತರಿಸ್ಲೇ?"

"ನಿಮಗೆ ಹೇಗೆ ಬರುತ್ತೋ ಹಾಗೆ."

"ಅಂದ್ರೆ ಬೇಕೂಂತ ಕೆಟ್ಟದಾಗಿ ಕತ್ತರಿಸಬೇಕಾ?"

"ಅಯ್ಯೋ, ಚೆನ್ನಾಗಿ ಕತ್ತರಿಸೋಕೆ ಪ್ರಯತ್ನ ಪಡಿ ಸಾಕು. ಕೆಟ್ಟದ್ದು ತಾನಾಗೇ ಆಗುತ್ತೆ."

ಯಜಮಾನರು ಪ್ರಯತ್ನಪಟ್ಟರು. ನಾಲಿಗೆಯನ್ನು ತುಟಿಯ ಮೂಲೆಗೆ ಕಚ್ಚಿಕೊಂಡು, ಬೆವರು ಸುರಿಸಿ, ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು. ಬಾಕ್ಸ್‌ವುಡ್ಡಿನ ತಲೆ ಹಾರಿತು. ಥೂಜಾದ ಹೊಟ್ಟೆಯಲ್ಲಿ ಕಿಟಕಿ ತೆರೆಯಿತು. ಕಾಮಿನಿಯಲ್ಲಿ ಮೂರು ಕಡೆ ಹಳ್ಳ ಬಿದ್ದಿತು. ಬೇಲಿಗಿಡದ ಸರದಿ ಬರುವಷ್ಟರಲ್ಲಿ ತೋಳು ಸೋತಿದ್ದರಿಂದ ಅದನ್ನು ಬುಡದ ತನಕ ಬೋಳಿಸಿದರು. ಗೆರೆಯಕ್ಕ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಕಾಮಿನಿಯ ಕೊಂಬೆ ಮುರಿದ ಸದ್ದು ಕೇಳಿದಾಗಲೆಲ್ಲ ತನ್ನ ಬೆರಳೇ ಹೋದಂತೆ ಹೌಹಾರಿದಳು. ಯಜಮಾನರು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು, "ಪರವಾಗಿಲ್ಲ ಅಲ್ವೇನೇ?" ಎಂದರು.

ನಲವತ್ತು ದಿನದ ಲೆಕ್ಕ ಶುರುವಾಯಿತು. ಸಮಿತಿಯವರು ಸಾಲನ್ನು ನೋಡಲು ಬರುವ ದಿನವೂ ಅದೇ ಹೊತ್ತಿಗೆ ನಿಗದಿಯಾಗಿತ್ತು. ಗೆರೆಯಕ್ಕ ದಿನಾ ಬೆಳಿಗ್ಗೆ ನೀರಿನ ನಲ್ಲಿ ತೆರೆಯಲು ಆ ದಾರಿಯಲ್ಲೇ ಹೋಗುತ್ತಿದ್ದಳು, ಸಾಲಿನ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದಳು. ನಿಂತು ನೋಡುವುದು ಅಷ್ಟೇ. ಹಾಗೆಂದು ಅವಳು ಅಂದುಕೊಂಡಿದ್ದಳು. ಮೂವತ್ತೈದನೆಯ ದಿನಕ್ಕೆ ಕಾಮಿನಿ ಎಂಥ ಚೆಲುವಾಗಿ ತುಂಬಿಕೊಂಡಿತ್ತೆಂದರೆ ಗೆರೆಯಕ್ಕನಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ತಾನು ಪ್ರೀತಿಸಿದ ಗಿಡವೇ ಗೆದ್ದಿತೆಂದರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ? ಬಾಕ್ಸ್‌ವುಡ್ಡೂ ಸುಮಾರಾಗಿಯೇ ಇತ್ತು. ಅವಳು ಮಧ್ಯಾಹ್ನ ಅದರ ಮೇಲೆ ಗೋಣಿಚೀಲದ ನೆರಳು ಕಟ್ಟಿ, ಸಂಜೆ ಬಿಚ್ಚಿ, ಹಸುಗೂಸಿನಂತೆ ನೋಡಿಕೊಂಡಿದ್ದಳು. ಎಷ್ಟೆಂದರೂ ನಿರ್ದೇಶಕರ ಗಿಡ.

ಆ ಮಧ್ಯಾಹ್ನ ಯಜಮಾನರು ಅವಳು ಮರೆತು ಬಂದಿದ್ದ ಊಟದ ಡಬ್ಬಿ ಹಿಡಿದು ಬಂದರು. ಸಾಲಿನ ಮುಂದೆ ಬಂದವರು ಹುಬ್ಬು ಗಂಟಿಕ್ಕಿದರು.

"ನನ್ನ ಹಳ್ಳ ಎಲ್ಲೇ?"

"ಯಾವ ಹಳ್ಳ?"

"ಕಾಮಿನೀಲಿ ಮೂರು ಹಳ್ಳ ಬಿಟ್ಟಿದ್ದೆ. ನಲ್ಲಿ ಎದುರು ಒಂದು, ಕಿಟಕಿ ಎದುರು ಒಂದು, ಕೊನೇಲಿ ಒಂದು ದೊಡ್ಡದು. ಮೂವತ್ತು ವರ್ಷ ರಸ್ತೆ ಹಳ್ಳ ನೆನಪಿಟ್ಟುಕೊಂಡವನು ನಾನು, ನನಗೆ ಹೇಳ್ತೀಯಾ?"

"ತುಂಬ್ಕೊಂಡಿದೆ ರೀ. ಗಿಡ ಅಂದ್ರೆ ಅದಪ್ಪ."

"ಮೂವತ್ತೈದು ದಿನಕ್ಕೆ ಹಿಂಗಾ?" ಎನ್ನುತ್ತಾ ಅವರು ಬಗ್ಗಿ, ಎಲೆ ಸರಿಸಿ, ಕೊಂಬೆಯೊಳಗೆ ಕೈ ಹಾಕಿದರು. "ಇದೇನೇ ಇದು?"

ಒಳಗೆ ದಾರವಿತ್ತು. ಹಳ್ಳದ ಎರಡು ದಡದ ಕೊಂಬೆಗಳನ್ನು ಒಂದಕ್ಕೊಂದು ಸೇರುವಂತೆ ಯಾರೋ ಎಳೆದು ಕಟ್ಟಿದ್ದರು. ಚಿಗುರಿನ ತುದಿಗಳನ್ನು ಒಂದೊಂದಾಗಿ ಚಿವುಟಿ ಪಕ್ಕಕ್ಕೆ ಕವಲೊಡೆಯುವಂತೆ ಮಾಡಿದ್ದರು. ದಾರದ ಗಂಟು ಎರಡು ಸುತ್ತಿನದು, ಒಂದು ಕಿವಿ ಉದ್ದ, ಒಂದು ಕಿವಿ ಗಿಡ್ಡ. ಆ ತೋಟದಲ್ಲಿ ಅಂಥ ಗಂಟು ಹಾಕುವ ಜೀವ ಒಂದೇ. ಗೆರೆಯಕ್ಕ ತನ್ನ ಏಪ್ರನ್ನಿನ ಜೇಬಿಗೆ ಕೈ ಹಾಕಿದಳು. ದಾರದ ಚೂರುಗಳು, ಹಿಡಿ ತುಂಬ ಕಾಮಿನಿಯ ಎಲೆ.

ಅವಳ ಮುಖ ಹುಳ್ಳಗಾಯಿತು. ಯಾವಾಗ ಮಾಡಿದಳೋ ಅವಳಿಗೇ ನೆನಪಿಲ್ಲ. ದಿನಾ ಬೆಳಿಗ್ಗೆ ಒಂದು ಗಳಿಗೆ ನಿಂತದ್ದು ನೆನಪಿದೆ, ಅಷ್ಟೇ. ಕಣ್ಣು ಓರೆ ಕಂಡಿದೆ, ಕೈ ತನ್ನ ಕೆಲಸ ತಾನು ಮಾಡಿಬಿಟ್ಟಿದೆ. ಲೋಕದಲ್ಲಿ ಪರೀಕ್ಷೆಗೆ ಕಳ್ಳತನದಿಂದ ಉತ್ತರ ಬರೆದವರಿದ್ದಾರೆ. ತನಗೇ ತಿಳಿಯದಂತೆ ಗಿಡಕ್ಕೆ ಉತ್ತರ ಹೇಳಿಕೊಟ್ಟ ಮಾಲಿ ಬಹುಶಃ ಇವಳೊಬ್ಬಳೇ.

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳ ಕಣ್ಣಲ್ಲಿ ನೀರು ಕಂಡ ಮೇಲೆ ನಿಲ್ಲಿಸಿದರು.

"ಯಾರಿಗೂ ಗೊತ್ತಾಗಲ್ಲ ಬಿಡೇ. ಕಾಮಿನಿನೂ ಒಳ್ಳೆ ಗಿಡಾನೇ ಅಲ್ವಾ?"

"ನಾನಿದ್ರೆ ಒಳ್ಳೆ ಗಿಡ," ಎಂದಳು ಗೆರೆಯಕ್ಕ. "ನಾನು ಹೋದ್ಮೇಲೆ ಯಾರು ರೀ ದಾರ ಕಟ್ತಾರೆ? ಗಡಿಬಿಡಿ ಕಟ್ತಾನಾ?"

ಗಡಿಬಿಡಿ ಎಂದರೆ ಅವಳ ಕೈಕೆಳಗಿನ ಮಾಲಿ, ಮುಂದೆ ಅವಳ ಜಾಗಕ್ಕೆ ಬರಬೇಕಾದವನು. ನಲವತ್ತೈದು ದಾಟಿದ ಸಂಸಾರವಂದಿಗ, ಹೃದಯ ಬಂಗಾರ. ಆದರೆ ಎರಡು ಗಂಟೆಯ ಕೆಲಸವನ್ನು ಇಪ್ಪತ್ತು ನಿಮಿಷಕ್ಕೆ ಮುಗಿಸಿ ಇನ್ನೇನು ಮಾಡಲಿ ಎಂದು ಕೇಳುವ ಆಸಾಮಿ. ಯಜಮಾನರು ಡಬ್ಬಿಯ ಮುಚ್ಚಳ ತೆಗೆದರು. ಇಬ್ಬರೂ ಕಟ್ಟೆಯ ಮೇಲೆ ಕುಳಿತು, ಒಂದೇ ಡಬ್ಬಿಯಿಂದ ಊಟ ಮಾಡಿದರು.

ಸಮಿತಿ ಬಂದ ದಿನ ನಿರ್ದೇಶಕರು, ಎಂಜಿನಿಯರರು, ಇನ್ನಿಬ್ಬರು ಹಿರಿಯರು ಸಾಲಿನ ಮುಂದೆ ಬಂದು ನಿಂತರು. ಕಾಮಿನಿಯನ್ನು ನೋಡಿ ಎಂಜಿನಿಯರರೇ "ಅಬ್ಬಾ" ಎಂದರು. ಒಂದು ಹೂಂ ಎಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಗೆರೆಯಕ್ಕ ಕೈ ಕಟ್ಟಿಕೊಂಡು ನಿಂತು ಹೇಳಿದಳು:

"ಸರ್, ನಾನು ಕಳ್ಳತನ ಮಾಡಿದ್ದೀನಿ."

ಗ್ರಂಥಾಲಯದಲ್ಲಿ ಕಳ್ಳತನ ಎಂದರೆ ನಿರ್ದೇಶಕರಿಗೆ ಹೊಳೆಯುವುದು ಒಂದೇ. "ಯಾವ ಪುಸ್ತಕಮ್ಮಾ?"

"ಪುಸ್ತಕ ಅಲ್ಲ ಸರ್, ಪರೀಕ್ಷೇಲಿ," ಎಂದು ಅವಳು ದಾರ, ಗಂಟು, ಜೇಬಿನ ಎಲೆ ಎಲ್ಲವನ್ನೂ ತೋರಿಸಿದಳು. ಗೋಣಿಚೀಲದ ನೆರಳನ್ನೂ ಬಚ್ಚಿಡಲಿಲ್ಲ. "ಇನ್ನು ನಲವತ್ತು ದಿನ ಕೊಡಿ. ಈ ಸಲ ನೀವೇ ಎಲ್ಲರೂ ಕತ್ತರಿಸಿ. ನಾನು ಈ ಕಡೆ ತಲೆ ಹಾಕಲ್ಲ."

ಎಂಜಿನಿಯರರು ಗಡಿಯಾರ ನೋಡಿಕೊಂಡರು. ಆದರೆ ನಿರ್ದೇಶಕರು ಆಗಲೇ ಕೋಟು ಬಿಚ್ಚಿ ಹಿರಿಯರೊಬ್ಬರ ಕೈಗೆ ಕೊಟ್ಟಿದ್ದರು. ಎಷ್ಟು ವರ್ಷದಿಂದ ಆ ದೊಡ್ಡ ಕತ್ತರಿಯನ್ನು ಕಿಟಕಿಯಿಂದ ನೋಡಿ ಆಸೆಪಟ್ಟಿದ್ದರೋ ಯಾರು ಬಲ್ಲರು. ಅವರು ಥೂಜಾದ ಮೇಲೆ ಬಿದ್ದ ರೀತಿ ನೋಡಿ, ಗೆರೆಯಕ್ಕನ ಜೊತೆಗೆ ಬಂದು ಮೂಲೆಯಲ್ಲಿ ನಿಂತಿದ್ದ ಯಜಮಾನರೂ ಬೆರಗಾದರು. "ನನಗೂ ಇಷ್ಟು ಕೆಟ್ಟದಾಗಿ ಬರಲ್ಲ ಕಣೇ," ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದಾಗ ಅವರ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಎಂಜಿನಿಯರರು ಕಾಮಿನಿಗೆ ಕೈ ಹಚ್ಚಿದರು. ಹಿರಿಯರಿಬ್ಬರು ಬಾಕ್ಸ್‌ವುಡ್ಡಿಗೆ ಈ ತುದಿಯಿಂದ ಒಬ್ಬರು, ಆ ತುದಿಯಿಂದ ಒಬ್ಬರು ಶುರುಮಾಡಿ ನಡುವೆ ಸೇರುವಾಗ ಒಂದು ಗೇಣು ಹೆಚ್ಚುಕಡಿಮೆ ಬಂತು. ಬೇಲಿಗಿಡ ಉಳಿಯಿತಲ್ಲ, ನಿರ್ದೇಶಕರೇ ಮತ್ತೆ ಕತ್ತರಿ ಕಿತ್ತುಕೊಂಡು ಅದಕ್ಕೂ ಒಂದು ಗತಿ ಕಾಣಿಸಿದರು.

ಈಗ ಪ್ರಶ್ನೆ, ಗೆರೆಯಕ್ಕನ ಕೈಯನ್ನು ಕಟ್ಟಿಹಾಕುವುದು ಹೇಗೆ? ಅದಕ್ಕೆ ದಾರಿ ಹುಡುಕಿದ್ದು ಪುಸ್ತಕ ಎರವಲು ಕೊಡುವ ಕೌಂಟರಿನ ಮೇಡಂ. ಅವರ ಮುಂದೆ ನಿಂತರೆ ದೊಡ್ಡ ದೊಡ್ಡ ವಕೀಲರೂ ತಡವಾಗಿ ತಂದ ಪುಸ್ತಕಕ್ಕೆ ತೊದಲುತ್ತಿದ್ದರು. ಅವರು ಗೆರೆಯಕ್ಕನ ದೊಡ್ಡ ಕತ್ತರಿ, ಸಣ್ಣ ಕತ್ತರಿ, ದಾರದ ಉಂಡೆ ಮೂರನ್ನೂ ತೆಗೆದುಕೊಂಡು, ಚೀಟಿ ಬರೆದು, ನಲವತ್ತು ದಿನದ ಮುಂದಿನ ತಾರೀಖಿನ ಮೊಹರು ಒತ್ತಿದರು.

"ಗ್ರಂಥಾಲಯ ನಿಮ್ಮ ಹತ್ರ ಎರವಲು ತಗೊಂಡಿದೆ ಅಂತ ತಿಳ್ಕೊಳ್ಳಿ. ತಾರೀಖಿಗೆ ಮುಂಚೆ ಕೇಳಿದ್ರೆ ಕೊಡಲ್ಲ. ಅತ್ರೂ ಕೊಡಲ್ಲ."

ಆ ನಲವತ್ತು ದಿನ ಗೆರೆಯಕ್ಕ ಪಟ್ಟ ಪಾಡು ಅಷ್ಟಿಷ್ಟಲ್ಲ. ಸಾಲು ಕಣ್ಣಿಗೆ ಬೀಳಬಾರದೆಂದು ಬಸ್ಸಿನಿಂದ ಒಂದು ಸ್ಟಾಪು ಮುಂದೆ ಇಳಿದು, ಮುಂದಿನ ಗೇಟಿನಿಂದ ಸುತ್ತಿ ಬರುತ್ತಿದ್ದಳು. ಸಾಲಿಗೆ ನೀರು ಬಿಡುವ ಕೆಲಸ ಗಡಿಬಿಡಿಯ ಪಾಲಿಗೆ ಬಂದಿತ್ತು. ಅವನು ಒಂದು ಕೈಯಲ್ಲಿ ಪೈಪು, ಇನ್ನೊಂದು ಕೈಯಲ್ಲಿ ಚಹಾದ ಲೋಟ ಹಿಡಿದು ಓಡುತ್ತಾ ನೀರು ಬಿಡುತ್ತಿದ್ದ. ಮನೆಯಲ್ಲಿ ಅವಳು ಸುಮ್ಮನೆ ಕೂರಲಾರದೆ ಮೇಜಿನ ಬಟ್ಟೆಯ ದಾರಗಳನ್ನೆಲ್ಲ ಕತ್ತರಿಸಿ ಮುಗಿಸಿದಳು. ಆಮೇಲೆ ಅವಳ ಕಣ್ಣು ಯಜಮಾನರ ಮೀಸೆಯ ಮೇಲೆ ಬಿತ್ತು. ಅವರು ಅಂಗೈಯಲ್ಲಿ ಮೀಸೆ ಮುಚ್ಚಿಕೊಂಡು ಮನೆಯೊಳಗೆ ಓಡಾಡುವಂತಾಯಿತು. ಇಪ್ಪತ್ತಮೂರನೆಯ ದಿನ ಅವಳು ಕೌಂಟರಿಗೆ ಹೋಗಿ, "ಕೊಡಬೇಡಿ, ಸುಮ್ನೆ ತೋರಿಸಿ," ಎಂದಳು. ಮೇಡಂ ಗಾಜಿನ ಬೀರುವಿನಾಚೆಯಿಂದಲೇ ತೋರಿಸಿದರು.

ಆ ದಿನ ತೋಟದ ಬೆಂಚಿನ ಮೇಲೆ ಖಾಲಿ ಕೈಯಲ್ಲಿ ಕುಳಿತಿದ್ದಾಗ ಅವಳಿಗೆ ಒಂದು ವಿಷಯ ನಾಚಿಕೆಯಾಗುವಷ್ಟು ಚೆನ್ನಾಗಿ ಅರ್ಥವಾಯಿತು. ತಾನು ಕಾಮಿನಿಯನ್ನು ಇಷ್ಟಪಟ್ಟಿದ್ದು ಪರಿಮಳಕ್ಕೆ ಮಾತ್ರವಲ್ಲ. ತನ್ನ ಕೈ ಇಲ್ಲದಿದ್ದರೆ ಅದು ಕಳೆಗುಂದುತ್ತದೆ ಎಂಬುದೂ ಅವಳಿಗೆ ಒಳಗೊಳಗೇ ಹಿತವಾಗಿತ್ತು. ತಾನು ಹೋದ ಮೇಲೆ ಜನ ಬೇಲಿ ನೋಡಿ, ಗೆರೆಯಕ್ಕ ಇದ್ದಾಗ ಹೀಗಿರಲಿಲ್ಲ ಎನ್ನಬೇಕು ಎಂಬ ಆಸೆ ಅವಳಿಗಿತ್ತು. ಆ ಆಸೆಯ ಬೆಲೆ ಹಸಿರು ಬಣ್ಣದ ಕಬ್ಬಿಣ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಆಮೇಲೆ ನಗು ಬಂತು. ಎದುರಿನ ಬೆಂಚಿನಲ್ಲಿ ಓದುತ್ತಿದ್ದವರು ಈ ಹೆಂಗಸಿಗೆ ಏನಾಯಿತೆಂದು ತಲೆಯೆತ್ತಿ ನೋಡಿದರು.

ನಲವತ್ತನೆಯ ದಿನ ಎಲ್ಲರೂ ಮತ್ತೆ ಸೇರಿದರು. ಗೆರೆಯಕ್ಕ ಕಟ್ಟಡದ ಮೂಲೆ ತಿರುಗುವಾಗ ಕಣ್ಣು ಮುಚ್ಚಿಕೊಂಡು, ಯಜಮಾನರ ತೋಳು ಹಿಡಿದು ಬಂದಳು.

ಗೋಣಿಚೀಲದ ನೆರಳಿಲ್ಲದ ಬಾಕ್ಸ್‌ವುಡ್ಡಿನ ಎಲೆ ಸೀದ ಕಾಗದದಂತಾಗಿತ್ತು. ನಿರ್ದೇಶಕರು ಜೇಬಿನ ಫೋಟೋ ತೆಗೆದು ಒಮ್ಮೆ ನೋಡಿ ಒಳಗಿಟ್ಟರು. ಥೂಜಾದಲ್ಲಿ ಅವರು ತೆರೆದ ಕಿಟಕಿಗಳು ತೆರೆದೇ ಇದ್ದವು, ಒಳಗೆ ಬರೀ ಕಂದು ಕಡ್ಡಿ. ಬಲಿತ ಕಡ್ಡಿಯಿಂದ ಮತ್ತೆ ಚಿಗುರುವುದು ಆ ಗಿಡದ ಜಾಯಮಾನವಲ್ಲ. ಕಾಮಿನಿ ಬದುಕಿತ್ತು, ಪಾಪ, ಅಲ್ಲಲ್ಲಿ ಕೆಂಪು ಚಿಗುರನ್ನೂ ಬಿಟ್ಟಿತ್ತು. ಆದರೆ ಹಳ್ಳಗಳು ಹಳ್ಳಗಳಾಗಿಯೇ ಇದ್ದವು, ಅವುಗಳ ಮೂಲಕ ಆಚೆ ನಿಂತವರ ಚಪ್ಪಲಿ ಕಾಣುತ್ತಿತ್ತು. ಅದಕ್ಕೆ ಸಮಯ ಬೇಕು, ಆರೈಕೆ ಬೇಕು.

ಕೊನೆಗೆ ಬೇಲಿಗಿಡ. ನಿರ್ದೇಶಕರು ಅದರ ಮುಂದೆ ನಿಂತು ತಾವು ಎಲ್ಲಿ ಕತ್ತರಿಸಿದ್ದು ಎಂದು ಹುಡುಕಿದರು. ಬಗ್ಗಿ ಹುಡುಕಿದರು, ಕನ್ನಡಕ ಬದಲಾಯಿಸಿ ಹುಡುಕಿದರು. ಬುಡದಿಂದ ತುದಿಯ ತನಕ ದಟ್ಟ ಹಸಿರು, ಕೈ ತೂರಿಸಲೂ ಸಂದಿಯಿಲ್ಲ.

"ಇದರ ಹೆಸರೇನಮ್ಮಾ?"

"ಬೇಲಿಗಿಡ ಸರ್."

"ಬೇಲಿಗೆ ಹಾಕೋ ಗಿಡ, ಅದು ಗೊತ್ತು. ಹೆಸರು?"

"ಅದೇ ಸರ್ ಹೆಸರು. ರಸ್ತೆ ಪಕ್ಕದಲ್ಲೆಲ್ಲಾ ಇರುತ್ತೆ."

ರಸ್ತೆ ಪಕ್ಕದ ಗಿಡವನ್ನು ಗ್ರಂಥಾಲಯದ ಮುಂದೆ ಹಾಕುವುದೇ ಎಂದು ಹಿರಿಯರೊಬ್ಬರು ಮೂಗು ಮುರಿದರು. ಗೆರೆಯಕ್ಕನೂ ಅದನ್ನು ಹಾಗೇ ನೋಡಿದ್ದವಳು. "ಹದಿನೈದು ದಿನಕ್ಕೊಮ್ಮೆ ಕತ್ತರಿಸಬೇಕಾಗುತ್ತೆ ಸರ್, ಅಷ್ಟೇ ಇದರ ಕಾಟ. ಆದ್ರೆ ಯಾರು ಕತ್ತರಿಸಿದ್ರೂ ನಡೆಯುತ್ತೆ," ಎಂದಳು. ಎಂಜಿನಿಯರರು ಬೇಲಿಗಿಡಕ್ಕೆ ಭುಜ ಕೊಟ್ಟು ಒತ್ತಿ ನೋಡಿ, "ಕಬ್ಬಿಣಕ್ಕಿಂತ ಗಟ್ಟಿ ಇದೆಯಲ್ರೀ," ಎಂದು ಒಪ್ಪಿದರು. ನಿರ್ದೇಶಕರು ಒಳಗೆ ಹೋಗಿ ನಾಲ್ಕು ಪುಸ್ತಕ ತಿರುವಿ, ಬೇಲಿಗಿಡಕ್ಕೂ ಬಾಯಿ ತುಂಬುವಂಥ ಒಂದು ಶಾಸ್ತ್ರೀಯ ಹೆಸರಿದೆಯೆಂದು ಕಂಡುಹಿಡಿದು ಬಂದ ಮೇಲೆ ಹಿರಿಯರ ಮೂಗೂ ನೇರವಾಯಿತು.

ಮಳೆ ಶುರುವಾದ ವಾರ ನಾಟಿ ಆಯಿತು. ಎರಡು ಎಳೆ ದಾರ ಎಳೆದು, ಒಂದು ಸಾಲಿನ ಗಿಡ ಇನ್ನೊಂದು ಸಾಲಿನ ಸಂದಿಗೆ ಬರುವಂತೆ ಅಡಿಗೊಂದು ಕಡ್ಡಿ ಚುಚ್ಚಿದರು. ಒಂದು ಗೇಣು ಬೆಳೆದ ಕೂಡಲೇ ಗೆರೆಯಕ್ಕ ಎಲ್ಲದರ ತುದಿ ಕತ್ತರಿಸಿಬಿಟ್ಟಳು, ಬುಡದಿಂದಲೇ ಕವಲೊಡೆಯಲಿ ಎಂದು. ಗಡಿಬಿಡಿಗೆ ಬೇಲಿಯ ಬುಡ ಅಗಲ, ತಲೆ ಕಿರಿದು ಇರಬೇಕೆಂದು ಕಲಿಸಿದಳು. ತಲೆ ಅಗಲವಾದರೆ ಬುಡಕ್ಕೆ ಬಿಸಿಲು ಬೀಳದೆ ಕೆಳಗೆ ಬೋಳಾಗುತ್ತದೆ. ಅವನು ಹೂಂ ಹೂಂ ಎಂದು ಅರ್ಧ ಕೇಳಿ ಓಡಿದ. ನಿವೃತ್ತಿಯ ದಿನ ತನ್ನ ದೊಡ್ಡ ಕತ್ತರಿಗೆ ಎಣ್ಣೆ ಹಚ್ಚಿ ಅವನ ಕೈಗೇ ಕೊಟ್ಟಳು. ಅವನು ಒಂದು ನಿಮಿಷ ಪೂರ್ತಿ ನಿಂತಲ್ಲೇ ನಿಂತದ್ದನ್ನು ಗ್ರಂಥಾಲಯದಲ್ಲಿ ಎಲ್ಲರೂ ಮೊದಲ ಸಲ ನೋಡಿದರು.

ಹೊಸ ಮೇಸ್ತ್ರಿಯ ತಲೆಯ ಮೇಲೆ ನಿಲ್ಲಬಾರದೆಂದು ಅವಳು ಎರಡು ತಿಂಗಳು ಆ ಕಡೆ ಹೋಗಲಿಲ್ಲ. ಮೂರನೆಯ ತಿಂಗಳು ಪುಸ್ತಕ ಹಿಂದಿರುಗಿಸುವ ನೆಪ ಮಾಡಿಕೊಂಡು ಯಜಮಾನರ ಜೊತೆ ಹೋದಳು. ಎರಡನೆಯ ಚೌಕದ ಬೇಲಿಯ ನಡುವೆ ಬುಟ್ಟಿ ಇಡುವಷ್ಟು ದೊಡ್ಡ ಹಳ್ಳ.

"ನಾನಲ್ಲ," ಎಂದರು ಯಜಮಾನರು ತಕ್ಷಣ.

ಗಡಿಬಿಡಿ ದೂರದಿಂದಲೇ ಅವಳನ್ನು ಕಂಡು, ಕಾರಂಜಿಯ ಹಿಂದೆ ಮರೆಯಾದ. ಗೆರೆಯಕ್ಕನ ಬೆರಳುಗಳು ತುರಿಸಿದವು. ಅವಳು ಎರಡೂ ಕೈಯನ್ನು ಚೀಲದೊಳಗೆ ತುರುಕಿಕೊಂಡು, ಒಳಗೆ ಹೋಗಿ, ಪುಸ್ತಕ ಕೊಟ್ಟು, ಬೇರೊಂದು ಪುಸ್ತಕ ತೆಗೆದುಕೊಂಡು, ಬೇಲಿಯ ಕಡೆ ತಿರುಗಿಯೂ ನೋಡದೆ ಮನೆಗೆ ಬಂದಳು. ರಾತ್ರಿ ಊಟ ಸೇರಲಿಲ್ಲ. ಆ ಪುಸ್ತಕವನ್ನು ಓದಲೂ ಇಲ್ಲ.

ಮೂರು ವಾರ ಬಿಟ್ಟು ಪುಸ್ತಕ ಹಿಂದಿರುಗಿಸಲು ಹೋದರು. ಬೇಲಿ ಒಂದು ಕಡೆ ತುಸು ವಾಲಿತ್ತು, ಇನ್ನೊಂದು ಕಡೆ ಒಂದು ಬೆರಳು ಎತ್ತರ ಹೆಚ್ಚಿತ್ತು, ಒಟ್ಟಿನಲ್ಲಿ ಗೆರೆಯಕ್ಕ ತನ್ನ ಕಾಲದಲ್ಲಿ ಒಂದು ದಿನವೂ ಸಹಿಸದಂಥ ಬೇಲಿ. ಆದರೆ ಬುಡದಿಂದ ತಲೆಯ ತನಕ ಹಸಿರೇ ಹಸಿರು. ಅವಳು ಎರಡನೆಯ ಚೌಕದ ಹತ್ತಿರ ಹೋಗಿ, ಬಗ್ಗಿ ಬೇಲಿಯ ತಲೆ ಸವರುತ್ತಾ ಈ ತುದಿಯಿಂದ ಆ ತುದಿಗೆ ನಡೆದಳು. ಮತ್ತೆ ಆ ತುದಿಯಿಂದ ಈ ತುದಿಗೆ ಬಂದಳು. ಅವಳ ಕೈ ಎಲ್ಲೂ ಇಳಿಯಲಿಲ್ಲ. ಮೊದಲು ಸ್ವಲ್ಪ ಬೇಜಾರಾಯಿತು, ಅದನ್ನು ಮುಚ್ಚಿಡುವುದೇಕೆ. ಆಮೇಲೆ ಎದೆಯ ಮೇಲಿನ ಕಲ್ಲೊಂದನ್ನು ಯಾರೋ ಎತ್ತಿಟ್ಟಂತಾಯಿತು.

"ಏನೇ ಹುಡುಕ್ತಾ ಇದ್ದೀಯ?" ಎಂದು ಯಜಮಾನರು ಕೇಳಿದರು.

"ಆ ಹಳ್ಳ ರೀ. ಎಲ್ಲಿತ್ತು ಹೇಳಿ ನೋಡೋಣ?"

ಮೂವತ್ತು ವರ್ಷ ರಸ್ತೆಯ ಹಳ್ಳಗಳನ್ನು ನೆನಪಿಟ್ಟುಕೊಂಡಿದ್ದ ಮನುಷ್ಯ ಬೇಲಿಯ ಉದ್ದಕ್ಕೂ ನೋಡಿ, ತಲೆ ಕೆರೆದುಕೊಂಡು, ಗೊತ್ತಾಗುತ್ತಿಲ್ಲ ಎಂದು ಒಪ್ಪಿಕೊಂಡರು. ಗೆರೆಯಕ್ಕ ಅವರ ಅಂಗಿಯ ಕಾಲರನ್ನು ನೇರ ಮಾಡಿ, ಪುಸ್ತಕ ಕೊಡಲು ಒಳಗೆ ಹೋದಳು.